ಮುಳ್ಳು ಎಂದು ಬರೆದ ಕೇಸುಗಳು

ಕೇಸ್ ಪೇಪರಿನ ಮೇಲೆ ನಾನು ಬರೆದದ್ದು ಧನುರ್ವಾಯು ಎಂದು. ಬರೆಯುವಾಗ ಕೈ ಒಂದಿಷ್ಟೂ ತಡೆಯಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಕುಮಟೆಯಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಗೆ ಹೊಸದಾಗಿ ಸೇರಿದ್ದೆ. ಇಪ್ಪತ್ತು ಹಾಸಿಗೆ, ಇಬ್ಬರು ಸಿಸ್ಟರ್, ಒಬ್ಬ ಕಂಪೌಂಡರ್, ಒಂದು ಮೈಕ್ರೊಸ್ಕೋಪು. ಆ ಆಸ್ಪತ್ರೆ ಈಗ ಇಲ್ಲ. ಧನುರ್ವಾಯುವಿನ ರೋಗಿಗಳಿಗೆಂದೇ ಹಿಂದುಗಡೆ ಒಂದು ಕೋಣೆ ಇತ್ತು. ಬೆಳಕು, ಸದ್ದು ತಾಗಿದರೆ ಅವರಿಗೆ ಸೆಳೆತ ಬರುತ್ತದೆಂದು ಅದರ ಕಿಟಕಿಗೆ ಕರಿ ಬಟ್ಟೆ ಹೊಡೆದಿದ್ದರು. ಆ ಕೋಣೆ ಖಾಲಿ ಇದ್ದ ದಿನಗಳು ಕಡಿಮೆ.

ರೋಗಿಗೆ ಮೂವತ್ತರ ಆಸುಪಾಸು. ಹೊಳನಗದ್ದೆಯಿಂದ ಕಡಲ ಕಡೆಗಿದ್ದ ಒಂದು ಕೇರಿಯ ಮೀನುಗಾರ, ರಂಪಣಿ ಎಳೆಯುವ ಗುಂಪಿನವನು. ದೋಣಿಯಲ್ಲಿ ಹೋಗಿ ಕಡಲಿಗೆ ಬಿಟ್ಟು ಬಂದ ಭಾರೀ ಬಲೆಯ ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಹಿಡಿದು ಎಳೆಯುವುದೇ ರಂಪಣಿ. ಅವನನ್ನು ಅಣ್ಣ ಮತ್ತು ಇನ್ನಿಬ್ಬರು ಕಂಬಳಿಯಲ್ಲಿ ಹೊತ್ತು ತಂದರು. ಹಿಂದೆ ಅವನ ಹೆಂಡತಿ, ಅವನ ತಾಯಿ. ಮೈಯೆಲ್ಲ ಬಿಗಿದಿತ್ತು, ದವಡೆ ಕಚ್ಚಿಕೊಂಡಿತ್ತು. ಕಾಲಿನ ಗಂಟಿನ ಹತ್ತಿರ ಸೂಜಿಯಿಂದ ಚುಚ್ಚಿದಂತೆ ಎರಡು ಚುಕ್ಕೆ.

“ಎಂತ ಆಗಿತ್ತು ಕಾಲಿಗೆ?” ಎಂದೆ.

“ಮುಳ್ಳು ತಾಗಿದ್ದು ಡಾಕ್ಟ್ರೆ. ಬಲೆ ಎಳೂವಾಗ,” ಅಂದ ಅಣ್ಣ.

“ಯಾವಾಗ?”

“ನಿನ್ನೆ ಬೆಳಿಗ್ಗೆ.”

ನಾನು ನಕ್ಕೆನೋ ಗದರಿಸಿದೆನೋ ಈಗ ನೆನಪಿಲ್ಲ. ನಿನ್ನೆ ತಾಗಿದ ಮುಳ್ಳಿಗೆ ಇವತ್ತು ಧನುರ್ವಾಯು ಬರುವುದಿಲ್ಲ, ಕೆಲವು ದಿನವಾದರೂ ಬೇಕು. ಪುಸ್ತಕದಲ್ಲಿ ಹಾಗಿತ್ತು, ನಾನೂ ಹಾಗೇ ಕಂಡಿದ್ದೆ. “ಸರಿಯಾಗಿ ನೆನಪು ಮಾಡಿ ಹೇಳು,” ಎಂದೆ. ಅವನು ತಲೆ ಕೆರೆದುಕೊಂಡ. “ಹಂಗಾರೆ ನಾಕೈದು ದಿನದ ಹಿಂದೆ ಒಂದು ತಾಗಿತ್ತೇನೋ,” ಅಂದ. ಬಲೆ ಎಳೆಯುವವರ ಕಾಲಿಗೆ ಮುಳ್ಳು ತಾಗದ ವಾರ ಯಾವುದಿದೆ? ನಾನು ನಾಲ್ಕೈದು ದಿನ ಎಂದು ಬರೆದುಕೊಂಡೆ.

ಆಮೇಲೆ ಹೆಂಡತಿಯ ಕಡೆ ತಿರುಗಿದೆ. “ಗಾಯಕ್ಕೆ ಎಂತ ಹಚ್ಚಿದೆ? ಸಗಣಿಯಾ?” ಅವಳು ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಕೇಳಿದೆ. ಹೌದೆಂದು ತಲೆಯಾಡಿಸಿದಳು. ಅದನ್ನೂ ಬರೆದುಕೊಂಡೆ.

ನನಗೆ ಆಗ ಮೂಗಿನ ತುದಿಯಲ್ಲೇ ಕೋಪ. ಅದೇ ತಿಂಗಳು ಹೊಕ್ಕುಳಿಗೆ ಸಗಣಿ ಮೆತ್ತಿದ್ದ ಎರಡು ಹಸುಗೂಸುಗಳು ಆ ಕತ್ತಲೆ ಕೋಣೆಯಲ್ಲೇ ತೀರಿಕೊಂಡಿದ್ದವು. ಆ ಸಿಟ್ಟನ್ನೆಲ್ಲ ಇವಳ ಮೇಲೆ ಸುರಿದೆ. ಆಸ್ಪತ್ರೆಯ ಜಗಲಿಯಲ್ಲಿ, ಚೀಟಿ ಹಿಡಿದು ಕೂತಿದ್ದ ಅಷ್ಟೂ ಜನರ ಎದುರಿಗೆ. ಗಂಡ ಸತ್ತರೆ ಅದು ನಿನ್ನ ಕೈಯಿಂದಲೇ ಎಂದೂ ಹೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಕಾಪಿ ಬರೆದವನೇ ನಾನೂ.

ಧನುರ್ವಾಯುವಿಗೆ ಕೊಡುವುದನ್ನೆಲ್ಲ ಕೊಟ್ಟೆವು. ಸೀರಮ್, ಪೆನಿಸಿಲಿನ್, ಸೆಳೆತ ತಡೆಯಲು ನಿದ್ದೆ ಬರಿಸುವ ಔಷಧ. ಉಸಿರಿನ ಕೊಳವೆಗೆ ಇಳಿದೀತೆಂದು ಬಾಯಿಂದ ನೀರು ಕೊಡಲಿಲ್ಲ, ಸಲೈನ್ ದಿನಕ್ಕೆ ಒಂದೇ ಬಾಟಲಿ. ಅವನ ಕಣ್ಣಿನ ರೆಪ್ಪೆಗಳು ಜೋತುಬಿದ್ದವು. ನನ್ನ ಔಷಧಿ ಹಿಡಿಯಿತು ಅಂದುಕೊಂಡೆ. ಮೂತ್ರ ಕಪ್ಪಗಿದೆ ಎಂದು ಹಿರಿಯ ಸಿಸ್ಟರ್ ಹೇಳಿದರು. ನೀರು ಕಡಿಮೆಯಾದದ್ದಕ್ಕೆ ಎಂದೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಮೂರನೆಯ ದಿನ ಬೆಳಿಗ್ಗೆ ಅವನ ಎದೆ ಬಡಿತ ಒಮ್ಮೆಲೇ ನಿಂತುಹೋಯಿತು. ಸೆಳೆತ ಒಂದೂ ಬಂದಿರಲಿಲ್ಲ. ಸೆಳೆತವೇ ಬಾರದೆ ಧನುರ್ವಾಯುವಿನ ರೋಗಿ ಹೇಗೆ ಸತ್ತ ಎಂಬುದೊಂದಕ್ಕೆ ಮಾತ್ರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲಾಗಿ ಬರೆದಿಟ್ಟು ಮರೆತೆ.

ಕೆಲವು ವರ್ಷಗಳ ನಂತರ ನಾನು ಭಟ್ಕಳದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಬಂದೆ. ಅಲ್ಲಿ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಜಾಲಿಯ ಕಡೆಯ ಒಬ್ಬ ಮೀನುಗಾರನನ್ನು ಕರೆತಂದರು. ಜೊತೆಗೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಯಜಮಾನ. ರೋಗಿಯ ಹತ್ತಿರ ಕೊಂಕಣಿಯಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಒಂದೇ ಉಸಿರಿಗೆ ಮಾತಾಡುತ್ತಿದ್ದ. ಬಲೆಯಿಂದ ಮೀನು ಬಿಡಿಸುವಾಗ ರೋಗಿಯ ಕೈಗೆ ಮುಳ್ಳು ತಾಗಿದೆ, ಈಗ ಕತ್ತು ತಿರುಗಿಸಲಾಗುವುದಿಲ್ಲ, ಬಾಯಿ ತೆರೆಯಲಾಗುವುದಿಲ್ಲ ಎಂದ.

“ಎಷ್ಟು ದಿನ ಆತು?”

“ದಿನ ಎಂತದು? ಇವತ್ತೇ, ಸೂರ್ಯ ಹುಟ್ಟೂ ಹೊತ್ತಿಗೆ!”

ಅವನು ನನಗೆ ಹೆದರುವವನಲ್ಲ. ಸರಿಯಾಗಿ ನೆನಪು ಮಾಡಿ ಹೇಳು ಎಂದಿದ್ದರೆ ನನ್ನನ್ನೇ ಬೈಯುತ್ತಿದ್ದ. ನಾಲ್ಕು ತಾಸಿನಲ್ಲಿ ಧನುರ್ವಾಯು ಬರುವುದು ಸಾಧ್ಯವೇ ಇಲ್ಲ. ರೋಗಿಯ ಗಲ್ಲದ ಮೇಲೆ ಬೆರಳಿಟ್ಟು ಮೆಲ್ಲಗೆ ಕೆಳಗೆ ಒತ್ತಿದೆ. ಧನುರ್ವಾಯುವಿನಲ್ಲಿ ಹೀಗೆ ಮಾಡಿದರೆ ದವಡೆ ಇನ್ನೂ ಬಿಗಿಯುತ್ತದೆ. ಇವನದು ನೋಯುತ್ತ ನೋಯುತ್ತ ತೆರೆದುಕೊಂಡಿತು. ನಿದ್ದೆಯ ಔಷಧ ಕೊಟ್ಟೇ ಇರಲಿಲ್ಲ, ಆದರೂ ಕಣ್ಣಿನ ರೆಪ್ಪೆ ಇಳಿಬಿದ್ದಿತ್ತು. ಅದನ್ನು ಕಂಡಾಗ ಕುಮಟೆಯ ಆ ಕೋಣೆ ನೆನಪಾಯಿತು.

“ಬಲೇಲಿ ಹಾವಿತ್ತಾ?” ಎಂದೆ.

“ಹಾವು ದಿನಾ ಇರ್ತು. ಬಾಲ ಹಿಡ್ದು ಹೊರಗೆ ಬಿಸಾಕೂದು. ಕಡಲ ಹಾವು ಕಚ್ಚುದಿಲ್ಲ ಡಾಕ್ಟ್ರೆ, ಕಚ್ಚಿರೂ ಎಂತ ಆಗುದಿಲ್ಲ.”

ಅವನು ಹೇಳಿದ್ದು ಹೆಚ್ಚಿನ ಪಾಲು ನಿಜವೇ ಎಂದು ನನಗೆ ಆಮೇಲೆ ತಿಳಿಯಿತು. ಕಡಲ ಹಾವು ಕಚ್ಚಿದರೂ ಬಹಳ ಸಲ ವಿಷ ಬಿಡುವುದಿಲ್ಲ. ಬಿಟ್ಟರೂ ಕಚ್ಚಿದ ಕಡೆ ಬಾವಿಲ್ಲ, ಉರಿಯಿಲ್ಲ, ರಕ್ತವಿಲ್ಲ. ನಾನು ಕತಗಾಲದ ತೋಟದವರ ಪೈಕಿ. ನಮ್ಮ ಕಡೆ ಹಾವು ಕಚ್ಚಿತೆಂದರೆ ಕಾಲು ಕಂಬದ ಹಾಗೆ ಬಾತು ಊರೇ ಸೇರಬೇಕು. ಬಾವಿಲ್ಲದ್ದು ಹಾವು ಹೇಗಾದೀತು? ಬಲೆಯವರಿಗೋ, ಚುಚ್ಚಿದ್ದೆಲ್ಲ ಮುಳ್ಳು. ಬಾಲದಲ್ಲಿ ಮುಳ್ಳಿರುವ ತೊರಕೆ ಮೀನಿನದೋ, ಬೇರೆ ಯಾವುದರದೋ. ಬಲೆ ದಡ ಮುಟ್ಟುವ ತನಕ ಯಾರೂ ಹಗ್ಗ ಬಿಟ್ಟು ಕಾಲು ನೋಡಿಕೊಳ್ಳುವುದಿಲ್ಲ, ನೋಡಿಕೊಂಡರೆ ಉಳಿದವರು ಗೇಲಿ ಮಾಡುತ್ತಾರೆ. ಮನೆಗೆ ಬಂದು ಬಿಸಿನೀರು ಹೊಯ್ದರೆ ಆಯಿತು. ಸಂಜೆಗೆ ಮೈಕೈ ನೋವು ಬಂದರೆ ಅದು ಎಳೆದದ್ದರ ನೋವು. ಕೇರಿಗೆ ಕೇರಿಯೇ ನೋಯುವಾಗ ಒಬ್ಬನ ನೋವನ್ನು ಬೇರೆ ಮಾಡಿ ನೋಡುವವರು ಯಾರು?

ಅವತ್ತು ಮಧ್ಯಾಹ್ನ ರೋಗಿಯ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. ಬೆಂಜಿಡಿನ್ ಹಾಕಿ ನೋಡಿದೆ, ರಕ್ತ ಇದೆ ಎಂದಿತು. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ರಕ್ತದ ಕಣ ಒಂದೂ ಇಲ್ಲ. ನೆತ್ತರು ತೆಗೆದು ನಿಲ್ಲಿಸಿದೆ, ಮೇಲಿನ ತಿಳಿ ಕೆಂಪಾಗಲಿಲ್ಲ. ಅಂದರೆ ಒಡೆಯುತ್ತಿರುವುದು ರಕ್ತವಲ್ಲ, ಸ್ನಾಯು. ಸ್ನಾಯುವಿನ ಬಣ್ಣ ಕರಗಿ ಮೂತ್ರಕ್ಕೆ ಬರುತ್ತಿದೆ. ಅದು ಮೂತ್ರಪಿಂಡದಲ್ಲಿ ಕಟ್ಟಿಕೊಂಡು ಅದನ್ನು ಕೆಡಿಸುತ್ತದೆ. ಸ್ನಾಯುವಿನೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಇಳಿದು ಹೃದಯ ನಿಲ್ಲಿಸುತ್ತದೆ. ಕುಮಟೆಯಲ್ಲಿ ಮೂರನೆಯ ದಿನ ನಡೆದದ್ದು ಇದೇ ಎಂದು ಆ ಬೆಂಚಿನ ಮುಂದೆ ಕೂತಲ್ಲೇ ಹೊಳೆಯಿತು.

ನಮ್ಮಲ್ಲಿದ್ದ ವಿಷ ಇಳಿಸುವ ಇಂಜೆಕ್ಷನ್ ನೆಲದ ಹಾವುಗಳದ್ದು, ಇದಕ್ಕೆ ಉಪಯೋಗವಿಲ್ಲ. ಇದ್ದದ್ದು ನೀರು ಮತ್ತು ಸೋಡಾ ಬೈಕಾರ್ಬ್. ಸಲೈನ್ ಓಡಿಸಿದೆವು. ಪ್ರತಿ ತಾಸಿನ ಮೂತ್ರವನ್ನು ಖಾಲಿ ಸಲೈನ್ ಬಾಟಲಿಯಲ್ಲಿ ಹಿಡಿದು, ಹೊತ್ತು ಬರೆದು, ಕಿಟಕಿಯ ಮೇಲೆ ಸಾಲಾಗಿ ಇಟ್ಟೆವು. ಪ್ರಮಾಣ ಇಳಿದರೆ ಕೂಡಲೇ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಒಯ್ಯಲು ಕಾರೊಂದನ್ನು ಅಂಗಳದಲ್ಲೇ ನಿಲ್ಲಿಸಿಕೊಂಡಿದ್ದೆ. ಮೊದಲ ಬಾಟಲಿಗಳು ಕಪ್ಪು. ಮರುದಿನದವು ಚಹಾದ ಬಣ್ಣ. ಮೂರನೆಯ ದಿನ ತಾಂಡೇಲ ಕಿಟಕಿಯ ಹತ್ತಿರ ನಿಂತು ಎಲ್ಲವನ್ನೂ ಒಂದೊಂದಾಗಿ ನೋಡಿ, “ಈಗ ಮನುಷ್ಯರದ್ದಾತು ಡಾಕ್ಟ್ರೆ,” ಅಂದ. ರೋಗಿ ಹತ್ತನೆಯ ದಿನ ಗೋಡೆ ಹಿಡಿದು ನಡೆದ. ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು, ಆಗಲಿಲ್ಲ. ಇದೇ ನೀರನ್ನು ಇನ್ನೊಬ್ಬನಿಗೆ ಕೊಡದೆ ಇಟ್ಟಿದ್ದೆ.

ಆಮೇಲಿನ ಒಂದು ವರ್ಷ ನನಗೆ ರಜೆ ಇದ್ದ ದಿನವೆಲ್ಲ ಹಳೆಯ ಕೇಸ್ ಪೇಪರುಗಳಲ್ಲಿ ಹೋಯಿತು. ಭಟ್ಕಳ, ಹೊನ್ನಾವರ, ಕುಮಟೆ, ಮೂರು ಕಡೆಯೂ ಪರಿಚಯದ ವೈದ್ಯರಿದ್ದರು. ಹುಚ್ಚು ಹಿಡಿದಿದೆ ಎಂದು ನಗುತ್ತಲೇ ಬೀಗದ ಕೈ ಕೊಟ್ಟರು. ಹೊನ್ನಾವರದ ಒಬ್ಬರು ಕಾಗದಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದರು. ಅರ್ಧ ನನಗೆ, ಅರ್ಧ ಒರಲೆಗೆ. ಧನುರ್ವಾಯು ಎಂದು ಬರೆದ, ರೋಗಿ ಮೀನುಗಾರನಾಗಿರುವ, ಮಳೆಗಾಲ ಮುಗಿದ ಮೇಲಿನ ಕಾಗದಗಳನ್ನಷ್ಟೇ ಆರಿಸಿದೆ. ನೋಟ್‌ಬುಕ್ಕಿನಲ್ಲಿ ಐದು ಕಲಂ ಎಳೆದೆ: ಮುಳ್ಳು ತಾಗಿ ಎಷ್ಟು ಹೊತ್ತು, ದವಡೆ, ರೆಪ್ಪೆ, ಸೆಳೆತ, ಮೂತ್ರ.

ವೈದ್ಯರು ಬರೆದದ್ದರಲ್ಲಿ ಏನೂ ಸಿಗುತ್ತಿರಲಿಲ್ಲ. ನಾವೆಲ್ಲ ರೋಗದ ಹೆಸರು ಬರೆದ ಮೇಲೆ ಅದಕ್ಕೆ ಒಪ್ಪುವಷ್ಟನ್ನೇ ಬರೆಯುವವರು. ಸಿಕ್ಕಿದ್ದು ಸಿಸ್ಟರುಗಳ ರಿಪೋರ್ಟ್ ಪುಸ್ತಕದಲ್ಲಿ. ರೋಗದ ಗೊಡವೆ ಅವರಿಗಿಲ್ಲ. ಕಂಡದ್ದನ್ನು ಬರೆದು ಸಹಿ ಹಾಕುತ್ತಾರೆ. ‘ಕಣ್ಣು ತೆರೆಯುವುದಿಲ್ಲ.’ ‘ಮೂತ್ರ ಕಪ್ಪು, ಡಾಕ್ಟರಿಗೆ ತಿಳಿಸಿದೆ.’ ಇಂಥ ಸಾಲುಗಳಿಂದ ಅನುಮಾನದ ಕೇಸುಗಳು ಒಂದು ಕೈಯ ಬೆರಳಿಗಿಂತ ಹೆಚ್ಚಾದವು. ಎಲ್ಲದರಲ್ಲೂ ‘ಮುಳ್ಳು’.

ಕುಮಟೆಯ ಪುಸ್ತಕವನ್ನು ತೆಗೆದುಕೊಟ್ಟವರು ಅದೇ ಹಿರಿಯ ಸಿಸ್ಟರ್. ಆಗ ಅವರು ನಿವೃತ್ತಿಯ ಹತ್ತಿರ ಬಂದಿದ್ದರು. ಮೂತ್ರ ಕಪ್ಪು ಎಂದು ಮೂರು ದಿನವೂ ಬರೆದಿದ್ದರು. ನಾನು ಆ ಪುಟವನ್ನು ನಕಲು ಮಾಡಿಕೊಳ್ಳುವಾಗ ಎದುರಿಗೆ ಕೂತಿದ್ದವರು ಹೇಳಿದರು:

“ಆ ರೋಗಿಯ ಹೆಂಡತಿ ಈಗಲೂ ಪೇಟೆಗೆ ಮೀನು ತರ್ತಾಳೆ ಸರ್. ನಮ್ಮ ಗೇಟಿನ ಎದುರಿನ ದಾರಿಯಲ್ಲಿ ಮಾತ್ರ ಬರೂದಿಲ್ಲ.”

“ಯಾಕೆ?”

“ನೀವು ಬೈದದ್ದು ಒಂದೆರಡಾ? ನಿಮಗೆ ಮರ್ತು ಹೋಯ್ತೇನೋ.”

ನಿಜಕ್ಕೂ ಮರೆತಿತ್ತು. ರೆಪ್ಪೆ ನೆನಪಿತ್ತು, ದವಡೆ ನೆನಪಿತ್ತು. ಜಗಲಿಯಲ್ಲಿ ಕೂಗಾಡಿದ್ದು ನೆನಪಾದದ್ದು ಆಗಲೇ. ನಾಚಿಕೆಯಾಯಿತು. ಆದರೂ ಆವತ್ತು ಅವಳ ಮನೆಗೆ ಹೋಗಲಿಲ್ಲ. ಕೊನೆಯ ಬಸ್ಸು ತಪ್ಪುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಎಲ್ಲವನ್ನೂ ಲೇಖನವಾಗಿ ಬರೆದು, ನನಗೆ ಪಾಠ ಹೇಳಿದ್ದ ಪ್ರೊಫೆಸರಿಗೆ ಕಳಿಸಿದೆ. ಅವರ ಉತ್ತರ ಉದ್ದವಿರಲಿಲ್ಲ. ಭಟ್ಕಳದ ಕೇಸು ಗಟ್ಟಿ, ಉಳಿದವು ‘ಸಂಭವ’ ಎಂದು ಹಾಕು, ಕುಮಟೆಯದನ್ನು ಬಿಟ್ಟುಬಿಡು. ಮುಳ್ಳು ತಾಗಿ ನಾಲ್ಕೈದು ದಿನ, ಗಾಯಕ್ಕೆ ಸಗಣಿ. ಯಾರು ಓದಿದರೂ ಧನುರ್ವಾಯು ಎನ್ನುತ್ತಾರೆ. ನಿನಗೆ ಮನಸ್ಸಿದೆ ಎಂದು ಕೇಸನ್ನು ಎಳೆದು ತರಬೇಡ. ಅವರು ಹೇಳಿದ್ದು ಸರಿ. ಬಿಟ್ಟರೆ ನನಗೂ ಸಲೀಸು: ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನ್ನ ತಪ್ಪು ಯಾರ ಕಣ್ಣಿಗೂ ಬೀಳದೆ ಲೇಖನ ಅಚ್ಚಾಗುತ್ತಿತ್ತು.

ಆ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನಾಲ್ಕೈದು ದಿನ ಎಂಬುದು ರೋಗಿಯ ಅಣ್ಣ ಹೇಳಿದ್ದಲ್ಲ, ನಾನು ಹೇಳಿಸಿದ್ದು. ಅದು ನನಗೊಬ್ಬನಿಗೇ ಗೊತ್ತು. ಆ ಅಣ್ಣನೂ ಈಗ ಬದುಕಿರಲಿಲ್ಲ, ಬೋಟು ಮಗುಚಿ ಹೋಗಿದ್ದ. ಆ ದಿನ ಮನೆಯಲ್ಲಿ ಏನಾಯಿತೆಂದು ಸರಿಯಾಗಿ ಹೇಳಬಲ್ಲವಳು ರೋಗಿಯ ಹೆಂಡತಿ. ಕೇಳಿಯೇ ಬಿಡುವುದೆಂದು ಹೊರಟೆ. ತಪ್ಪೊಪ್ಪಿಕೊಳ್ಳಲು ಹೊರಟೆ ಎಂದರೆ ಸುಳ್ಳಾಗುತ್ತದೆ. ನನಗೆ ನನ್ನ ಮೊದಲ ಕಲಂ ತುಂಬಬೇಕಿತ್ತು.

ಹೊಳನಗದ್ದೆಯ ಗದ್ದೆಯಂಚಿನಲ್ಲಿ ನಡೆದು ಕೇರಿಗೆ ಹೋದಾಗ ಅವಳು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದು ನಿಂತಳು. ಕೂತುಕೊಳ್ಳಿ ಎನ್ನಲಿಲ್ಲ.

“ನಿನ್ನ ಗಂಡನಿಗೆ ಮುಳ್ಳು ತಾಗಿದ ದಿನದ ಬಗ್ಗೆ ಕೇಳುಕೆ ಬಂದೆ,” ಎಂದೆ.

“ಈಗೆಂತಕ್ಕೆ?”

ನಾನು ಹಾವಿನ ವಿಷಯ ಹೇಳಿದೆ. ಭಟ್ಕಳದ ರೋಗಿಯ ವಿಷಯ ಹೇಳಿದೆ. ಅವಳು ಬುಟ್ಟಿಯನ್ನು ಕವುಚಿ ಹಾಕಿ ಕೇಳಿಸಿಕೊಂಡಳು. ಅವಳಿಗೆ ಆ ದಿನ ತಾಸು ತಾಸಿಗೆ ನೆನಪಿತ್ತು. ಅತ್ತೆ ಮೀನು ಮಾರಲು ಪೇಟೆಗೆ ಹೋಗಿದ್ದಾಗ, ಬೆಳಿಗ್ಗೆ ಬಲೆ ಎಳೆದು ಬಂದವನು ಮುಳ್ಳು ತಾಗಿತು ಎಂದನಂತೆ. ಮಧ್ಯಾಹ್ನ ಬಂಗಡೆ ಸಾರು ಮಾಡಿದ್ದಳು. ಅವನು ಅನ್ನ ಕಲಸಿ ಬಾಯಿಗಿಟ್ಟುಕೊಂಡು ಅಗಿಯಲಾರದೆ ತಟ್ಟೆಗೇ ಉಗಿದನಂತೆ.

“ಸಾರು ಸರಿ ಇಲ್ಲ ಅಂತ ತಿಳ್ಕಂಡೆ ನಾನು. ಸಿಟ್ಟು ಮಾಡಿದೆ. ಸಂಜೆಗೆ ಎಣ್ಣೆ ತಿಕ್ಕಿದೆ. ಬೆಳಿಗ್ಗೆ ಉಚ್ಚೆ ಮಸಿ ಆಗಿತ್ತು.”

ಬೆಳಿಗ್ಗೆಯಿಂದ ಮಧ್ಯಾಹ್ನ. ಕಲಂ ತುಂಬಿತು. ನಾನು ಬರೆದುಕೊಳ್ಳುತ್ತಿದ್ದೆ, ತಲೆಯೆತ್ತದೆ ಕೇಳಿದೆ: “ಸಗಣಿ ಹಚ್ಚಿದ್ದು ಯಾವಾಗ?”

“ಹಚ್ಚಲಿಲ್ಲ.”

ಪೆನ್ನು ನಿಂತಿತು.

“ಬಿಸಿನೀರು ಹೊಯ್ದೆ, ಅಷ್ಟೇ. ನೀವು ಹಚ್ಚಿದ್ಯಾ ಹಚ್ಚಿದ್ಯಾ ಅಂತ ಕೂಗಿದ್ರಿ. ಹೌದು ಅಂದ್ರೆ ಬೇಗ ಒಳಗೆ ತಕಂಡು ಹೋತ್ರಿ ಅಂತ ತಲೆ ಆಡಿಸಿದೆ.”

ತಪ್ಪಾಯಿತು ಎಂದೆ. ನಿನ್ನ ಕೈಯಿಂದ ಏನೂ ಆದದ್ದಲ್ಲ ಎಂದೆ. ಅವಳ ಮುಖ ಸಡಿಲವಾಗಲಿಲ್ಲ.

“ಮಗಳ ಕಾಲಿಗೆ ಚಿಪ್ಪು ತಾಗಿ ರಕ್ತ ಬಂದ್ರೂ ನಂಗೆ ಮುಟ್ಟುಕೆ ಬಿಡುದಿಲ್ಲ. ಅತ್ತೆ ಎತ್ಕಂಡು ಓಡ್ತ್ರು, ನಿನ್ನ ಕೈ ಬೇಡ ಅಂತ. ಆವತ್ತು ಅಷ್ಟು ಜನರ ಎದ್ರಿಗೆ ಹೇಳಿದ್ರಿ. ಇವತ್ತು ನನ್ನ ಒಬ್ಬಳ ಹತ್ರ ಹೇಳಿರೆ ಎಂತ ಆತು?”

ಹೇಳಿ ಅವಳು ದಡದ ಕಡೆ ಹೊರಟೇಬಿಟ್ಟಳು. ನಾನು ಬರುತ್ತೇನೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. ವಾಪಸು ಹೋಗಬಹುದಿತ್ತು, ಕಲಂ ತುಂಬಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಉಸುಕಿನ ಮೇಲೆ ಅವಳ ಹಿಂದೆ ನಡೆದೆ.

ಬಲೆಯ ಚಪ್ಪರದ ಕೆಳಗೆ ಇಪ್ಪತ್ತು ಮೂವತ್ತು ಜನ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಪಕ್ಕದಲ್ಲೇ ಹೆಂಗಸರು ಮೀನು ಒಣಹಾಕುತ್ತಿದ್ದರು, ಅವರ ನಡುವೆ ಅತ್ತೆ. “ಡಾಕ್ಟ್ರು ಎಂತದೋ ಹೇಳ್ತ್ರಂತೆ,” ಎಂದು ಅವಳು ಪಕ್ಕಕ್ಕೆ ನಿಂತಳು. ನಾನು ಕೆಮ್ಮಿದೆ. ಹಾವಿನ ವಿಷಯ ವಿವರಿಸಿದೆ. ಹಾಗಾಗಿ ಅವನಿಗೆ ಬಂದದ್ದು ಧನುರ್ವಾಯು ಆಗಿರಲಿಕ್ಕಿಲ್ಲ, ಹಾವಿನ ವಿಷವಾಗಿರುವ ಸಂಭವ ಇದೆ ಎಂದೆ.

“ಸಂಭವ ಅಲ್ಲ,” ಅಂದಳು ಅವಳು. “ಆವತ್ತು ಸಂಭವ ಅಂದಿದ್ರಾ ನೀವು?”

ಅವಳಿಗೆ ಬೇಕಾದ ಖಾತ್ರಿ ನನ್ನ ಹತ್ತಿರ ಇರಲಿಲ್ಲ. ಸತ್ತವನ ಮೂತ್ರ ಪರೀಕ್ಷಿಸಿರಲಿಲ್ಲ, ಹಾವನ್ನು ಯಾರೂ ಕಂಡಿರಲಿಲ್ಲ. ಖಾತ್ರಿಯಾಗಿ ಗೊತ್ತಿದ್ದದ್ದು ಒಂದೇ, ಅದನ್ನು ಹೇಳಿದೆ. “ಇವಳು ಗಾಯಕ್ಕೆ ಸಗಣಿ ಹಚ್ಚಲಿಲ್ಲ. ನಾನು ಬೆದರಿಸಿ ಹೌದು ಅನ್ನಿಸಿದೆ. ಅವನಿಗೆ ಬಂದ ರೋಗ ನನಗೆ ತಿಳಿಯಲಿಲ್ಲ. ನೀರು ಕೊಡಬೇಕಿತ್ತು, ಕೊಡಲಿಲ್ಲ. ತಪ್ಪು ನನ್ನದು, ಇವಳದ್ದಲ್ಲ.” ಬೈಯಬಹುದು, ಒಬ್ಬಿಬ್ಬರು ಕೈಯೆತ್ತಲೂಬಹುದು ಅಂದುಕೊಂಡಿದ್ದೆ. ಯಾರೂ ಏಳಲಿಲ್ಲ. ಒಬ್ಬ ಮುದುಕ ಮಾತ್ರ ಬಲೆಯ ಸೂಜಿ ಕೆಳಗಿಟ್ಟು, ತನ್ನ ತಮ್ಮನೂ ಹೀಗೆಯೇ ದವಡೆ ಕಚ್ಚಿ ಹೋದ, ಅವನಿಗೂ ಮುಳ್ಳೇ ತಾಗಿದ್ದು ಎಂದ. ನಾನು ನೋಟ್‌ಬುಕ್ ಹೊರಗೆ ತೆಗೆಯಲಿಲ್ಲ.

ಅತ್ತೆ ಮೀನಿನ ಚಾಪೆ ಬಿಟ್ಟು ಎದ್ದು ಬಂದರು. ನನ್ನ ಕಡೆ ನೋಡಲೇ ಇಲ್ಲ. ಸೊಸೆಯ ಎದುರಿಗೆ ಹೋಗಿ ನಿಂತರು.

“ನೀನು ಹಚ್ಚಲೇ ಇಲ್ವಾ?”

“ಇಲ್ಲ ಅತ್ತೆ.”

“ಮತ್ತೆ ಇಷ್ಟು ವರ್ಷ ಬಾಯಿ ಬಿಟ್ಟು ಹೇಳುಕೆ ಎಂತ ಆಗಿತ್ತು ನಿಂಗೆ?”

ಅವಳು ಗಾಳಿಗೆ ಹಾರುತ್ತಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಡಾಕ್ಟ್ರು ಬರ್ದಾಗಿತ್ತು ಅತ್ತೆ,” ಅಂದಳು.